ಎಡತುದಿಯ ಡೊಳ್ಳು

ಬೀರಪ್ಪ ಕಾಯಲಿ

ಸ್ಲೈಗೋ, 12 ನವೆಂಬರ್ 2020

ರತ್ನಾ,

ನೀನೂ ಮಲ್ಲಣ್ಣನೂ ಗಟ್ಟಿಯಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ನಗುತ್ತೀಯ, ಮಾತು ಗಾಳಿಗೆ ಹೋಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಬರೆಯೋಣವೆಂದರೆ ಅಲ್ಲಿ ಜಗಳವೆಲ್ಲ ಇಂಗ್ಲಿಷಿನಲ್ಲಿ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಕೈ ನನ್ನದು. ಪೆನ್ನು ಹಿಡಿದರೆ ಮಾತ್ರ ಮಾತು ನೆಟ್ಟಗೆ ಬರುತ್ತದೆ.

ನಮ್ಮ ಗಾಲ್ವೇ ಡೊಳ್ಳು ದಳದ ಹೊಸ ಆಟದ ವಿಷಯ ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಈ ವರ್ಷ ಪಂದ್ಯವನ್ನು ಕೊರೊನಾ ನುಂಗಿತು, ಸರಿ. ಮುಂದಿನ ವರ್ಷದ ಪಂದ್ಯ ಕಂಪ್ಯೂಟರಿನಲ್ಲಂತೆ. ಹನ್ನೆರಡು ಜನ ಹನ್ನೆರಡು ಮನೆಯಲ್ಲಿ ಬಾರಿಸಿ ಕಳಿಸುವುದು, ಆ ಚಿರಾಗ್ ಡಬ್ಲಿನ್‌ನ ಕ್ಯಾಸಲ್‌ನಾಕ್‌ನಲ್ಲಿ ಕೂತು ಒಂದೇ ಪರದೆಯ ಮೇಲೆ ಹನ್ನೆರಡು ಚೌಕವಾಗಿ ಜೋಡಿಸುವುದು. ಅದನ್ನೂ ಒಪ್ಪಿದೆ. ಆದರೆ ಕೆಂಪು ರುಮಾಲಿಲ್ಲ, ಗೆಜ್ಜೆ ಇಲ್ಲ, ಎಲ್ಲರೂ ಕಪ್ಪು ಬಟ್ಟೆ, ಕಪ್ಪು ಮಾಸ್ಕ್. ನಡುವೆ ಇಲ್ಲಿಯ ಐರಿಶ್ ಜನರ ಬೌರಾನ್ ತಮಟೆ. ಎಲ್ಲಕ್ಕಿಂತ ಕೇಡು, ಎರಡನೇ ಸುತ್ತಿನಲ್ಲಿ ಬೀರಪ್ಪನ ಕೂಗು ತೆಗೆಯುತ್ತಾರಂತೆ! ಆಟದ ಹೆಸರೇ 'ಮೌನ'. ಡೊಳ್ಳು ಇಟ್ಟುಕೊಂಡು ಮೌನ ಆಡುತ್ತಾರಂತೆ.

ತಡೆಯಲಾರದೆ ಚಿರಾಗ್‌ಗೆ ಫೋನ್ ಮಾಡಿದೆ.

"ಆಂಟಿ, ಪ್ರತಿ ವರ್ಷ ಅದೇ ಕೂಗು, ಅದೇ ಕುಣಿತ. ಜಡ್ಜ್‌ಗಳಿಗೆ ಬೋರ್ ಆಗೈತೆ," ಅಂದ.

"ನಿಮ್ಮವ್ವ ದಿನಾ ಅನ್ನ ಹಾಕ್ತಾಳಲ್ಲಪ್ಪ, ನಿಂಗೆ ಬೋರ್ ಆಗಲ್ವಾ?"

"ನಾನು ಮನೇಲಿ ಪಾಸ್ತಾ ತಿನ್ನೋದು ಆಂಟಿ."

ಇಂಥವನ ಕೈಗೆ ದಳ ಕೊಟ್ಟಿದ್ದೀರಿ. ಪಾರ್ಕ್‌ಮೋರ್‌ನ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ, ಕಾರ್ ಪಾರ್ಕಿನಲ್ಲಿ ನಾಲ್ಕು ಡೊಳ್ಳಿನಿಂದ ಈ ದಳ ಕಟ್ಟಿದವರು ಮಲ್ಲಣ್ಣ. ಇವತ್ತಿಗೂ ಎಡತುದಿಯಲ್ಲಿ ನಿಂತು ಅವರು ಕೂಗು ಹಾಕಿದರೆ ಉಳಿದ ಹನ್ನೊಂದು ಕೈ ಏಳುತ್ತವೆ. ಅವರು ಬಾಯಿ ಬಿಟ್ಟು "ಬೇಡ" ಅಂದರೆ ಸಾಕು. ನೀನು ಹೇಳು ಅವರಿಗೆ. ಡೊಳ್ಳು ಮೊದಲು ದೇವರದ್ದು, ಆಮೇಲೆ ಪಂದ್ಯದ್ದು.

ನನ್ನ ಮಗಳು ಅರ್ಪಿತಾ ಆಸ್ಪತ್ರೆ ಡ್ಯೂಟಿ ಅಂತ ಮೇಲಿನ ಕೋಣೆಯಲ್ಲಿ ಬೇರೆ ಇದ್ದಾಳೆ. ಮೊಮ್ಮಗಳು ಅದಿತಿ ಕೆಳಗೆ ನನ್ನ ಜೊತೆ. ಊಟದ ತಟ್ಟೆ ಮೆಟ್ಟಿಲ ಮೇಲಿಟ್ಟು ಬರುತ್ತೇನೆ, ಸ್ವಂತ ಮಗಳಿಗೆ.

ಭಾನುಮತಿ


ಗಾಲ್ವೇ, 24 ನವೆಂಬರ್ 2020

ಭಾನಕ್ಕಾ,

ನಿಮ್ಮ ಕಾಗದವನ್ನು ಇವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪಾಸ್ತಾ ಬಂದಾಗ ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ, "ಅಕ್ಕ ಹೇಳೋದು ತಪ್ಪಲ್ಲ. ಆದ್ರೆ ಹುಡುಗರು ಒಂದ್ಸಲ ಮಾಡ್ಲಿ ಬಿಡು. ಕೂಗು ಬಾಯಲ್ಲಿಲ್ಲದಿದ್ರೆ ಕೈಯಲ್ಲಿರ್ತದೆ," ಅಂದರು.

ನಾನು ನಿಮ್ಮ ಕಡೆಯೂ ಅಲ್ಲ, ಚಿರಾಗ್ ಕಡೆಯೂ ಅಲ್ಲ. ಸಿಟ್ಟಾಗಬೇಡಿ. ಹೋದ ವರ್ಷ ಆಥ್‌ಲೋನ್‌ನಲ್ಲಿ ಒಂದೂವರೆ ಅಂಕಕ್ಕೆ ಸೋತಾಗ ಜಡ್ಜ್ ಏನು ಬರೆದಿದ್ದರು ನೆನಪಿದೆಯಲ್ಲ, ನೋಡಿದ್ದನ್ನೇ ಮತ್ತೆ ನೋಡಿದಂತಾಯಿತು ಅಂತ. ಇವರು ಮಾತ್ರ ಅದನ್ನು ಒಪ್ಪುವುದಿಲ್ಲ. ಸೋತದ್ದು ಹನ್ನೊಂದೇ ಜನ ಆಡಿದ್ದಕ್ಕೆ ಅನ್ನುತ್ತಾರೆ. ಸುಬ್ರಾಯನ ತಾಯಿ ಊರಲ್ಲಿ ತೀರಿಕೊಂಡು, ಸೂತಕದ ಕೈ ಡೊಳ್ಳಿಗೆ ತಾಕಬಾರದು, ಹನ್ನೊಂದು ದಿನ ಕಳೆಯಲಿ ಅಂತ ನೀವು ಹೇಳಿದಿರಿ, ಅವನು ಆಡದೆ ನಿಂತುಬಿಟ್ಟ. ನಿಮ್ಮನ್ನು ದೂರುವುದಲ್ಲ. ಆದರೆ ಆ ಖಾಲಿ ಜಾಗವನ್ನು ಇವರು ಇವತ್ತಿಗೂ ಮರೆತಿಲ್ಲ. ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ ಕಾಣುತ್ತಿತ್ತು ಅನ್ನುತ್ತಿರುತ್ತಾರೆ.

ಇಲ್ಲಿ ಅಭ್ಯಾಸದ ಕಥೆ ಕೇಳಿ. ಊರಲ್ಲಾದರೆ ತೊಗಲು ಸಡಿಲವಾದಾಗ ಬೆಂಕಿಗೆ ಹಿಡಿಯುತ್ತಾರೆ. ಈ ಗಾಲ್ವೇಯ ತೇವಕ್ಕೆ ಡೊಳ್ಳು ದಿನವೂ ಅಳುತ್ತದೆ. ಇವರು ನನ್ನ ಹೇರ್ ಡ್ರೈಯರ್ ಹಿಡಿದು ಅರ್ಧ ಗಂಟೆ ಅದಕ್ಕೆ ಸೇವೆ ಮಾಡುತ್ತಾರೆ. ನನ್ನ ಕೂದಲಿಗೆ ಒಂದು ದಿನವೂ ಹಿಡಿದವರಲ್ಲ. ಎದುರಿಗೆ ಇನ್ನೊಂದು ಕೈ ಇದ್ದರೆ ತಾಳ ಕೂರುತ್ತದೆ ಅಂತ ನನಗೂ ಒಂದು ಬಕೆಟ್ ಬೋರಲು ಹಾಕಿ ಕೊಟ್ಟಿದ್ದಾರೆ. ಮಕ್ಕಳಿಲ್ಲದ ಮನೆ, ಇಬ್ಬರೂ ಸೇರಿ ದಬದಬ ಅನ್ನಿಸುತ್ತೇವೆ. ಪಕ್ಕದ ಮನೆಯ ಮೊರೀನ್ ಬೇಲಿಯಾಚೆಯಿಂದ, "ಗ್ರ್ಯಾಂಡ್, ಮಲ್ಲಿ, ಗ್ರ್ಯಾಂಡ್! ಆದರೆ ಆರು ಗಂಟೆಯ ಸುದ್ದಿಗೆ ಮುಂಚೆ ಮುಗಿಸು," ಅನ್ನುತ್ತಾಳೆ. ಸುದ್ದಿಯಲ್ಲಿ ಬರುವುದು ಅವತ್ತು ಸತ್ತವರ ಲೆಕ್ಕ. ಅದನ್ನು ಕೇಳದಿದ್ದರೆ ಅವಳಿಗೆ ನಿದ್ದೆ ಇಲ್ಲ.

ಅರ್ಪಿತಾಳಿಗೆ ಹುಷಾರು ಹೇಳಿ.

ರತ್ನಾ


ಬೀರಪ್ಪ ಕಾಯಲಿ

ಸ್ಲೈಗೋ, 10 ಡಿಸೆಂಬರ್ 2020

ರತ್ನಾ,

'ಎರಡೂ ಕಡೆ ಅಲ್ಲ' ಅನ್ನುವುದು ಯಾವ ಊರಿನ ಮಾತು? ಮದುವೆ ಮನೆಯಲ್ಲಿ ಗಂಡಿನ ಕಡೆಯೂ ಅಲ್ಲ, ಹೆಣ್ಣಿನ ಕಡೆಯೂ ಅಲ್ಲ ಅನ್ನುವವರಿಗೆ ಎಲೆ ಹಾಕುತ್ತಾರೇನೇ?

ಕೂಗಿನ ವಿಷಯದಲ್ಲಿ ನಾನು ಸೋತೆ. ಗುಂಪಿನಲ್ಲಿ ಓಟು ಹಾಕಿಸಿದರು, ಚಿಕ್ಕವರೆಲ್ಲ 'ಮೌನ'ದ ಕಡೆ. ದಳ ಅಂದರೆ ಬೆಳೆಯಬೇಕು, ಇಲ್ಲಿಯ ನೆಲದ ಗುರುತೂ ಅದರಲ್ಲಿ ಇರಬೇಕು ಅಂತ ಒಬ್ಬರು. ಗುರುತು ಬದಲಾದ ಮೇಲೆ ಅದು ನಮ್ಮ ದಳ ಹೇಗೆ ಅಂತ ನಾನು. ಒಬ್ಬ ನನಗೆ ಕೋಪದ ಗೊಂಬೆಯ ಚಿತ್ರ ಕಳಿಸಿದ. ಅದಿತಿಗೆ ತೋರಿಸಿ, ಇದೇನು ಅಂತ ಕೇಳಿದರೆ, "ಅಜ್ಜಿ, ದ್ಯಾಟ್ಸ್ ಯು," ಅಂದಳು.

ಆದರೆ ಈಗ ಸೂತಕದ ನಿಯಮವನ್ನೂ ತೆಗೆಯಬೇಕು ಅಂತ ಚಿರಾಗ್ ಹೊರಟಿದ್ದಾನೆ. ಈ ಕಾಲದಲ್ಲಿ ಯಾರ ಮನೆಗೆ ಯಾವಾಗ ಸಾವು ಬರುತ್ತದೋ, ನಿಯಮ ಹಿಡಿದು ಕೂತರೆ ದಳವೇ ಉಳಿಯುವುದಿಲ್ಲ ಅನ್ನುತ್ತಾನೆ. ಅಲ್ಲಿ ನಾನು ಬಗ್ಗಲಿಲ್ಲ. ಹಿರಿಯರನ್ನೆಲ್ಲ ಫೋನಿನಲ್ಲಿ ಹಿಡಿದು ಹದಿನಾಲ್ಕು ಹೆಸರು ಒಟ್ಟು ಮಾಡಿ ಬರೆದು ಕಳಿಸಿದ್ದೇನೆ. ಸೂತಕದ ಕೈ ಡೊಳ್ಳಿಗೆ ತಾಕಿದ ದಿನ ನಾನು ದಳದ ಕಡೆ ಮುಖ ಹಾಕುವುದಿಲ್ಲ. ನನ್ನ ಒಡಹುಟ್ಟಿದವರ ಕೈಯಾದರೂ ಅಷ್ಟೇ. ಸತ್ತವರಿಗೆ ಹನ್ನೊಂದು ದಿನ ಕೊಡಲಾರದವರು ದೇವರಿಗೆ ಏನು ಕೊಟ್ಟಾರು?

ಇದರ ಜೊತೆ ಅಗಸೆ ಚಟ್ನಿಪುಡಿ ಕಳಿಸಿದ್ದೇನೆ, ಮಲ್ಲಣ್ಣನಿಗೆ. ನಿನಗಲ್ಲ.

ಭಾನುಮತಿ


ಗಾಲ್ವೇ, 19 ಜನವರಿ 2021

ಭಾನಕ್ಕಾ,

ಈ ಕಾಗದವನ್ನು ನಿಮಗೆ ಕಳಿಸುವುದಿಲ್ಲ. ಬರೆದು ಡ್ರಾಯರಿನಲ್ಲಿ ಇಡುತ್ತೇನೆ. ನಿಮಗೆ ಹೇಳದೆ ಇರಲಾರೆ, ಹೇಳಿದರೆ ಕೆಲಸ ಕೆಡುತ್ತದೆ. ಅದಕ್ಕೆ ಈ ದಾರಿ.

ಇವರು ಹೋದರು. ಹದಿನಾಲ್ಕನೇ ತಾರೀಕು, ಸಂಕ್ರಾಂತಿಯ ದಿನ, ಬೆಳಿಗ್ಗೆ ಒಂಬತ್ತೂ ಕಾಲಿಗೆ.

ಹೊಸ ವರ್ಷದ ಮಾರನೇ ದಿನ ಜ್ವರ ಬಂತು. ಐದನೇ ದಿನ ಆಂಬುಲೆನ್ಸ್. ನನ್ನನ್ನು ಒಳಗೆ ಬಿಡಲಿಲ್ಲ. ಒಬ್ಬ ನರ್ಸ್ ಫೋನ್ ಹಿಡಿದುಕೊಂಡು ಮುಖ ತೋರಿಸುತ್ತಿದ್ದಳು. ಕಡೆಯ ಸಲ ಮಾತಾಡಿದ್ದು ಹನ್ನೊಂದನೇ ತಾರೀಕು.

"ರತ್ನಾ, ಇಪ್ಪತ್ತಕ್ಕೆ ವಿಡಿಯೊ ಕಳಿಸ್ಬೇಕು."

"ಮೊದ್ಲು ಉಸಿರಾಡ್ರಿ ನೀವು."

"ಹನ್ನೊಂದು ಜನ ಆದ್ರೆ ದಳ ಕುಂಟ್ತದೆ ಕಣೇ. ನನ್ನ ಜಾಗ ಖಾಲಿ ಬಿಡ್ಬೇಡಿ."

ಅಷ್ಟೇ. ಸಂಜೆ ಉಸಿರಾಟಕ್ಕೆ ಗಂಟಲಿಗೆ ಕೊಳವೆ ಹಾಕಿದರು.

ಜೊತೆಯಲ್ಲಿದ್ದವಳು ಅಂತ ನಾನು ಮನೆ ಬಿಟ್ಟು ಹೊರಡುವಂತಿರಲಿಲ್ಲ. ಇಲ್ಲಿಯ ಸ್ಮಶಾನದಲ್ಲೇ ಮಣ್ಣು ಮಾಡಿದರು. ಹತ್ತು ಜನಕ್ಕೆ ಅಪ್ಪಣೆ, ದಳದ ಎಂಟು ಜನ ಹೋದರು. ಚಿರಾಗ್ ಡಬ್ಲಿನ್‌ನಿಂದ ಬಂದಿದ್ದ, ಅವನೇ ಫೋನಿನಲ್ಲಿ ತೋರಿಸಿದ. ನಾನು ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೋಡಿದೆ. ಮಣ್ಣು ಹಾಕುವ ಹೊತ್ತಿಗೆ ಸಿಗ್ನಲ್ ನಿಂತಿತು. ಸುಬ್ರಾಯನ ಸಲಿಕೆ ಗಾಳಿಯಲ್ಲೇ ನಿಂತಿತ್ತು. ಎಷ್ಟೋ ಹೊತ್ತು ಹಾಗೇ ನಿಂತಿತ್ತು.

ನಿನ್ನೆ ಚಿರಾಗ್ ಫೋನ್ ಮಾಡಿ ಅತ್ತ. "ಆಂಟಿ, ಅಂಕಲ್ ಜಾಗ ಏನ್ ಮಾಡ್ಲಿ?" ನನ್ನ ಬಾಯಿಂದ ಬಂತು, "ನಾನು ಬಾರಿಸ್ತೀನಿ." ತಿಂಗಳುಗಟ್ಟಲೆ ಬಕೆಟ್ ಬಾರಿಸಿದವಳು, ತಾಳವೆಲ್ಲ ಕೈಗೆ ಗೊತ್ತಿದೆ.

ಇವತ್ತು ಇವರ ಕಪ್ಪು ಕುರ್ತಾ ಹಾಕಿಕೊಂಡೆ, ಕಪ್ಪು ರುಮಾಲು ಕಟ್ಟಿ ಹುಬ್ಬಿನ ತನಕ ಇಳಿಸಿದೆ, ಮಾಸ್ಕ್ ಕಟ್ಟಿದೆ. ಕನ್ನಡಿಯಲ್ಲಿ ನಾನು ಕಾಣಲಿಲ್ಲ. ಹೇರ್ ಡ್ರೈಯರ್ ಹಿಡಿದು ತೊಗಲು ಕಾಸಿದೆ. ಬಳೆ ತೆಗೆದೆ. ಗಂಡ ಹೋದದ್ದಕ್ಕೆ ತೆಗೆದದ್ದಲ್ಲ ಅಕ್ಕಾ, ವಿಡಿಯೊದಲ್ಲಿ ಸದ್ದಾಗುತ್ತದೆ ಅಂತ ತೆಗೆದದ್ದು. ಆರನೇ ದಿನ. ನಿಮ್ಮ ಹನ್ನೊಂದಕ್ಕೆ ಇನ್ನೂ ಐದು ಬಾಕಿ. ಕಳಿಸುವ ಗಡುವು ನಾಳೆ.

ದಳದವರಿಗೆಲ್ಲ ಆಣೆ ಹಾಕಿಸಿದ್ದೇನೆ, ಪಂದ್ಯ ಮುಗಿಯುವ ತನಕ ಹೊರಗೆ ಯಾರಿಗೂ ಹೇಳಬಾರದು ಅಂತ. ನೋಡುವವರೂ ಓಟು ಹಾಕುವ ಪಂದ್ಯ. ಸತ್ತವರ ಜಾಗ ಅಂತ ಗೊತ್ತಾದರೆ ಜನ ಕನಿಕರಕ್ಕೆ ಓಟು ಹಾಕುತ್ತಾರೆ, ಅದು ಇವರಿಗೆ ಸೇರುವುದಿಲ್ಲ. ಇನ್ನೊಂದು ಕಾರಣ ನೀವು. ನಿಮಗೆ ಗೊತ್ತಾದರೆ ನನ್ನ ಕೈ ತಡೆದುಬಿಡುತ್ತೀರಿ.

ರತ್ನಾ


ಗಾಲ್ವೇ, 23 ಜನವರಿ 2021

ಭಾನಕ್ಕಾ,

ನೀವು ನಾಲ್ಕು ಸಲ ಫೋನ್ ಮಾಡಿದ್ದು ನೋಡಿದೆ. ಗಂಟಲು ಸರಿಯಿಲ್ಲ, ಮಾತು ಹೊರಡುತ್ತಿಲ್ಲ, ಅದಕ್ಕೆ ಎತ್ತಲಿಲ್ಲ. ಬೇರೇನಿಲ್ಲ. ವಿಡಿಯೊ ಕಳಿಸಿ ಆಯಿತು. ಹನ್ನೆರಡೂ ಡೊಳ್ಳು ಇವೆ. ಚಟ್ನಿಪುಡಿ ಚೆನ್ನಾಗಿತ್ತು ಅಂದರು.

ರತ್ನಾ


ಬೀರಪ್ಪ ಕಾಯಲಿ

ಸ್ಲೈಗೋ, 9 ಫೆಬ್ರುವರಿ 2021

ರತ್ನಾ,

ನಿನ್ನ ಗಂಟಲು ಇಷ್ಟು ದಿನ ಸರಿಹೋಗಲಿಲ್ಲವೇ? ಮೆಣಸಿನ ಕಷಾಯ ಮಾಡಿಕೊ.

ವಿಡಿಯೊ ನೋಡಿದೆ. ಒಂದು ಸಲ ಅಲ್ಲ, ಇಪ್ಪತ್ತು ಸಲ. ಉಪ್ಪು ಖಾರ ಹಚ್ಚದೆ ಹೇಳುತ್ತೇನೆ, ನಾನು ಹೆದರಿದಷ್ಟು ಕೆಟ್ಟದಾಗಿಲ್ಲ. ಬೌರಾನ್ ಡೊಳ್ಳಿನ ಜೊತೆ ತಂಗಿಯ ಹಾಗೆ ಬರುತ್ತದೆ. ಮಲ್ಲಣ್ಣನನ್ನು ಎಡತುದಿಯಿಂದ ತೆಗೆದು ಮೇಲಿನ ಸಾಲಿನ ನಡುವಿಗೆ ತಂದದ್ದು ಒಳ್ಳೆಯದಾಯಿತು. ಮಾಸ್ಕ್ ಹಾಕಿದರೇನು, ಆ ಹೆಗಲು ನೋಡಿದರೆ ಗೊತ್ತಾಗುವುದಿಲ್ಲವೇ? ಏನು ಪೆಟ್ಟು! ವಯಸ್ಸು ಹತ್ತು ಕಡಿಮೆಯಾದಂತೆ ಬಾರಿಸಿದ್ದಾರೆ.

ಆದರೆ ಅವರ ಜಾಗದಲ್ಲಿ, ಕೆಳಗೆ ಎಡಮೂಲೆಯಲ್ಲಿ ತಂದು ನಿಲ್ಲಿಸಿದ್ದೀರಲ್ಲ, ಯಾರದು? ಕೈಯಲ್ಲಿ ಜೀವವೇ ಇಲ್ಲ. ಹೆಗಲು ಮುದುಡಿಕೊಂಡು, ಡೊಳ್ಳಿಗೆ ನೋವಾದೀತು ಅನ್ನುವ ಹಾಗೆ ತಟ್ಟುತ್ತಾನೆ. ಮೊದಲ ಸುತ್ತು ಹೇಗೋ ದಾಟಿದ. ಎರಡನೇ ಸುತ್ತಿನಲ್ಲಿ ಉಳಿದವರೆಲ್ಲ ಬಾರಿಸುತ್ತಿದ್ದರೆ ಇವನು ಕೋಲು ಎತ್ತಿ ನಿಂತೇಬಿಟ್ಟ! ನಾಲ್ಕು ಪೆಟ್ಟು ತಪ್ಪಿಸಿದ. ಆಮೇಲೆ ಸೇರಿಕೊಂಡ. ಮಲ್ಲಣ್ಣ ಇಪ್ಪತ್ತು ವರ್ಷ ಕಾದ ತುದಿ ಅದು. ಕೂಗು ಬಿಟ್ಟದ್ದು ಸಾಲದು ಅಂತ ತಾಳವನ್ನೂ ಬಿಡುತ್ತಾರೆಯೇ? ನನಗೆ ಅದೇ ಮೂಲೆ ಕಣ್ಣಿಗೆ ಚುಚ್ಚುತ್ತದೆ.

ಹೇಗೋ ಫೈನಲ್‌ಗೆ ಬಂದಿದ್ದೀರಿ. ಆ ಹದಿನಾಲ್ಕು ಹಿರಿಯರಿಗೂ ಫೋನ್ ಮಾಡಿ ಕೇಳಿದೆ, ಎಲ್ಲರೂ ನನ್ನ ಮಾತೇ ಅಂದರು. ಮಾರ್ಚ್ ಆರರ ಫೈನಲ್‌ಗೆ ಎಡಮೂಲೆಯವನನ್ನು ತೆಗೆಯಬೇಕು ಅಂತ ಚಿರಾಗ್‌ಗೆ ಬರೆದು ಕಳಿಸಿದ್ದೇನೆ. ಯಾರ ಮೇಲಿನ ಹಗೆಯೂ ಅಲ್ಲ. ಆ ಜಾಗದ ಮಾನ ಉಳಿಯಲಿ ಅಂತ.

ನೀನೂ ಒಂದು ಮಾತು ಹೇಳು.

ಭಾನುಮತಿ


ಗಾಲ್ವೇ, 20 ಫೆಬ್ರುವರಿ 2021

ಭಾನಕ್ಕಾ,

ನಿಮ್ಮ ಕಾಗದ ಮುಟ್ಟಿತು. ಎಡಮೂಲೆಯವರಿಗೆ ನೀವು ಬರೆದದ್ದನ್ನೆಲ್ಲ ತಿಳಿಸಿದ್ದೇನೆ. ನಾಲ್ಕು ಪೆಟ್ಟು ತಪ್ಪಿದ್ದು ನಿಜ ಅಂದರು. ಚಿರಾಗ್ ತೆಗೆಯಲು ಒಪ್ಪಲಿಲ್ಲ, ಅವರೇ ಬೇಡ ಅಂದರು. ಫೈನಲ್‌ನಲ್ಲಿ ಇರುವುದಿಲ್ಲ.

ರತ್ನಾ


ಬೀರಪ್ಪ ಕಾಯಲಿ

ಸ್ಲೈಗೋ, 8 ಮಾರ್ಚ್ 2021

ರತ್ನಾ! ಗೆದ್ದೆವು!

ಶನಿವಾರ ಪೂಜೆ ಮುಗಿಸಿ, ಅದಿತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮೊದಲ ಸ್ಥಾನ ಅಂದಾಗ ನಾನು ಕೂಗಿದ ಕೂಗಿಗೆ ಮೇಲಿನ ಕೋಣೆಯಿಂದ ಅರ್ಪಿತಾ ಓಡಿ ಬಂದಳು. ನಿನಗೆ ಫೋನ್ ಮಾಡಿದೆ, ಮತ್ತೆ ಎತ್ತಲಿಲ್ಲ. ಸಂಭ್ರಮದಲ್ಲಿ ಇದ್ದೀರಿ ಅಂದುಕೊಂಡೆ.

ಈಗ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಚಿರಾಗ್‌ಗೆ ಹೇಳಬೇಡ. ಅವನ ತಲೆ ತಲೆಯೇ. ಎಡಮೂಲೆಯವನನ್ನು ತೆಗೆ ಅಂದರೆ ಉಳಿದ ಹನ್ನೊಂದನ್ನು ಹತ್ತಿರ ಸರಿಸುತ್ತಾನೆ ಅಂದುಕೊಂಡಿದ್ದೆ. ಅವನು ಆ ಚೌಕವನ್ನು ಹಾಗೇ ಬಿಟ್ಟ, ಪೂರ್ತಿ ಕಪ್ಪು. ಹನ್ನೊಂದು ಡೊಳ್ಳು ಮೊರೆಯುತ್ತಿರುವಾಗ ಆ ಒಂದು ಮೂಲೆ ಸುಮ್ಮನೆ ಇದೆ. ಈ ವರ್ಷ ಎಷ್ಟು ಮನೆಯಲ್ಲಿ ಎಷ್ಟು ಜಾಗ ಹಾಗಾಯಿತು ಅಂತ ನೆನೆದು ನನಗೂ ಕಣ್ಣು ತುಂಬಿತು. ಇಡೀ ಆಟದಲ್ಲಿ ಆ ಖಾಲಿ ಚೌಕಕ್ಕಿಂತ ದೊಡ್ಡದು ಇನ್ನೊಂದಿಲ್ಲ ಅಂತ ಜಡ್ಜ್ ಹೇಳಿದರಂತೆ, ಅರ್ಪಿತಾ ಓದಿ ಹೇಳಿದಳು. ಗುಂಪಿನಲ್ಲೆಲ್ಲ ಅದೇ ಮಾತು. ದಳಕ್ಕೆ ಹೊಸ ಗುರುತು ಸಿಕ್ಕಿತು ಅನ್ನುತ್ತಿದ್ದಾರೆ.

ನೋಡಿದೆಯಾ, ಆ ಮುದುಡಿದ ಕೈಯನ್ನು ತೆಗೆಸಿದ್ದಕ್ಕೆ ತಾನೇ ಇದೆಲ್ಲ? ಮುದುಕಿ ಮಾತು ಕೇಳಿದರೆ ಒಳ್ಳೆಯದಾಗುತ್ತದೆ.

ಮಲ್ಲಣ್ಣನಿಗೆ ನನ್ನ ಹೆಸರಿನಲ್ಲಿ ಬಾಯಿ ಸಿಹಿ ಮಾಡಿಸು.

ಭಾನುಮತಿ


ಗಾಲ್ವೇ, 17 ಮಾರ್ಚ್ 2021

ಭಾನಕ್ಕಾ,

ಇವತ್ತು ಇಲ್ಲಿಯವರ ಪ್ಯಾಟ್ರಿಕ್ ಹಬ್ಬ. ಮೆರವಣಿಗೆ ಇಲ್ಲ, ಬೀದಿ ಖಾಲಿ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೂತುಕೊಂಡು ಓದಿ.

ಇವರು ಜನವರಿ ಹದಿನಾಲ್ಕಕ್ಕೆ ಕೊರೊನಾದಿಂದ ತೀರಿಕೊಂಡರು. ಮೇಲಿನ ಸಾಲಿನ ನಡುವೆ ನೀವು ನೋಡಿದ್ದು ಸುಬ್ರಾಯನನ್ನು. ಎಡಮೂಲೆಯ ಕೈ ನನ್ನದು.

ಬಾರಿಸಿದ ದಿನವೇ ಬರೆದ ಕಾಗದವೊಂದು ಡ್ರಾಯರಿನಲ್ಲಿತ್ತು, ಇದರ ಜೊತೆ ಇಟ್ಟಿದ್ದೇನೆ. ಉಳಿದದ್ದು ಅದರಲ್ಲಿದೆ. ಅದರಲ್ಲಿ ಇಲ್ಲದ ಎರಡು ಮಾತು ಮಾತ್ರ ಇಲ್ಲಿ ಬರೆಯುತ್ತೇನೆ.

ನಾಲ್ಕು ಪೆಟ್ಟು ತಪ್ಪಿತು ಅಂತ ಬರೆದಿದ್ದಿರಿ. ಎರಡನೇ ಸುತ್ತಿನ ಆ ಜಾಗದಲ್ಲಿ ಇವರು ಬೀರಪ್ಪನ ಕೂಗು ಹಾಕುತ್ತಿದ್ದರು. ಈ ಆಟದಲ್ಲಿ ಕೂಗಿಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಬಕೆಟ್ ಮುಂದೆ ಕೂತಾಗಲೆಲ್ಲ ಕೂಗುತ್ತಿದ್ದರು, ಅಭ್ಯಾಸ. ಕೋಲು ಎತ್ತಿದೆ, ಕೂಗಿಗೆ ಕಾದೆ. ನಾನು ತಾಳ ಮರೆತವಳಲ್ಲ. ಅವರು ಮುಗಿಸಲಿ ಅಂತ ನಿಂತವಳು.

ಎರಡನೆಯದು ಸೂತಕ. ಊರಲ್ಲಿ ದೂರ ಇರುವವರು ಸುದ್ದಿ ಮುಟ್ಟಿದ ದಿನದಿಂದ ಎಣಿಸುತ್ತಾರಲ್ಲ? ಆಸ್ಪತ್ರೆಯ ಕಾಗದದಲ್ಲಿ ಜನವರಿ ಹದಿನಾಲ್ಕು ಅಂತಲೇ ಇದೆ. ಆದರೆ ನಾನು ಅವರ ಮುಖ ನೋಡಲಿಲ್ಲ, ಮಣ್ಣು ಬಿದ್ದದ್ದನ್ನು ನೋಡಲಿಲ್ಲ. ಅವರ ಕುರ್ತಾ ಹಾಕಿಕೊಂಡು ಅವರ ಜಾಗದಲ್ಲಿ ನಿಂತಿದ್ದೆ, ಆ ಚೌಕದೊಳಗೆ ಒಬ್ಬರು ಉಸಿರಾಡುತ್ತಿದ್ದರು, ಅದು ನಾನೋ ಅವರೋ ಅಂತ ಕೇಳಿಕೊಳ್ಳಲಿಲ್ಲ. ನೀವು ತೆಗೆಯಿರಿ ಅಂದಿರಿ. ಸರಿ ಅಂದೆ, ನಿಮ್ಮ ಮಾತು ತಪ್ಪಲ್ಲ, ನನ್ನ ಕೈ ಅಷ್ಟೇ. ಮಾರ್ಚ್ ಆರರಂದು ಆ ಚೌಕ ಕಪ್ಪಾದದ್ದನ್ನು ನೋಡಿದೆ. ಆಗ ಸುದ್ದಿ ಮುಟ್ಟಿತು.

ಅವತ್ತಿನಿಂದ ಹನ್ನೊಂದು ದಿನ ಎಣಿಸಿದೆ. ನಿನ್ನೆಗೆ ಮುಗಿಯಿತು.

ಜಾಗ ಖಾಲಿ ಬಿಡಬೇಡಿ ಅಂದವರು ಅವರು. ದಳ ಗೆದ್ದದ್ದು ಆ ಖಾಲಿ ಜಾಗದಿಂದ. ಜನ ಚಪ್ಪಾಳೆ ತಟ್ಟುತ್ತಿದ್ದಾರೆ ಅಂತ ಚಿರಾಗ್ ಫೋನಿನಲ್ಲಿ ಹೇಳುತ್ತಾ ಅಳುತ್ತಿದ್ದ. ನನಗೆ ಸಿಟ್ಟು ಯಾರ ಮೇಲೆ ಅಂತಲೂ ತಿಳಿಯಲಿಲ್ಲ.

ರತ್ನಾ


ಸ್ಲೈಗೋ, 23 ಮಾರ್ಚ್ 2021

ರತ್ನಾ, ನನ್ನ ತಾಯೀ,

ಏನು ಬರೆಯಲಿ. ನಿನ್ನ ಕಾಗದ ಓದಿ ತಲೆಗೆ ನೀರು ಹಾಕಿಕೊಂಡೆ. ದೇವರ ಮುಂದೆ ದೀಪ ಹಚ್ಚಲು ಹೋಗಿ ಸುಮ್ಮನೆ ಬಂದೆ. ಯಾವ ಮುಖ ಇಟ್ಟುಕೊಂಡು ಹಚ್ಚಲಿ?

ನಾನೂ ಒಂದು ಮುಚ್ಚಿಟ್ಟಿದ್ದೆ. ಫೆಬ್ರುವರಿಯ ಶುರುವಿನಲ್ಲೇ ಅರ್ಪಿತಾಳಿಗೆ ಪಾಸಿಟಿವ್ ಬಂದಿತ್ತು. ಯಾರಿಗೂ ಹೇಳಬೇಡ ಅಂದಿದ್ದಳು, ನಿನಗೂ ಬರೆಯಲಿಲ್ಲ. ಹತ್ತು ದಿನ ಮೇಲಿನ ಕೋಣೆಯಿಂದ ಕೆಮ್ಮು. ಒಳಗೆ ಹೋಗುವಂತಿಲ್ಲ, ಕೇಳುತ್ತಾ ಕೂರಲೂ ಆಗುವುದಿಲ್ಲ. ಅದು ಕೇಳಿಸದಿರಲಿ ಅಂತ ಆ ವಿಡಿಯೊ ಜೋರಾಗಿ ಹಾಕಿಕೊಂಡು ಕೂರುತ್ತಿದ್ದೆ. ಇಪ್ಪತ್ತು ಸಲ ನೋಡಿದ್ದು ಅದಕ್ಕೆ. ಭಯವನ್ನೆಲ್ಲ ಆ ಮೂಲೆಯ ಮೇಲೆ ಸುರಿದೆ. ಅಲ್ಲಿ ನೀನಿದ್ದೆ.

ಇದು ಸಮಜಾಯಿಷಿ ಅಲ್ಲ. ಒಂದು ಸಾಲು ಬರಿ. ಬೈದಾದರೂ ಬರಿ.

ಭಾನಕ್ಕ


ಸ್ಲೈಗೋ, 14 ಏಪ್ರಿಲ್ 2021

ರತ್ನಾ,

ನಿನ್ನಿಂದ ಉತ್ತರ ಇಲ್ಲ. ಕೇಳುವ ಹಕ್ಕೂ ನನಗಿಲ್ಲ.

ಹದಿನಾಲ್ಕು ಮನೆಗೂ ನಾನೇ ಫೋನ್ ಮಾಡಿ ಹೇಳಿದೆ, ಆ ಕೈ ಯಾರದ್ದು, ತೆಗೆಸಿದವಳು ಯಾರು ಅಂತ. ಸೂತಕದ ನಿಯಮ ತಂದವಳು ನಾನು, ಬೇಕಾದರೆ ತೆಗೆದುಬಿಡಿ ಅಂತ ಚಿರಾಗ್‌ಗೂ ಹೇಳಿದೆ. ಅವನು ಜಗಳ ಆಡಲಿಲ್ಲ. "ಊಟ ಆಯ್ತಾ ಆಂಟಿ?" ಅಂತ ಕೇಳಿದ.

ಮೇ ತಿಂಗಳಲ್ಲಿ ಒಂದು ಕೌಂಟಿಯಿಂದ ಇನ್ನೊಂದಕ್ಕೆ ಹೋಗಲು ಬಿಡಬಹುದು ಅಂತ ಸುದ್ದಿ ಇದೆ. ಬಾ ಅಂದರೆ ಬರುತ್ತೇನೆ, ನಿನ್ನ ಕಾಲು ಹಿಡಿಯುತ್ತೇನೆ. ಬೇಡ ಅಂದರೆ ಈ ಜನ್ಮದಲ್ಲಿ ತೊಂದರೆ ಕೊಡುವುದಿಲ್ಲ.

ಭಾನುಮತಿ


ಗಾಲ್ವೇ, 11 ಮೇ 2021

ಭಾನಕ್ಕಾ,

ಎರಡು ಕಾಗದವೂ ಮುಟ್ಟಿವೆ. ಉತ್ತರ ಬರೆಯಲು ಎಷ್ಟೋ ಸಲ ಕೂತೆ. 'ನಿಮ್ಮ ತಪ್ಪೇನಿಲ್ಲ' ಅಂತ ಬರೆದು ನೋಡಿದೆ, ಓದಿದರೆ ಸುಳ್ಳು ಅನ್ನಿಸಿತು. 'ನಿಮ್ಮ ಮುಖ ನೋಡುವುದಿಲ್ಲ' ಅಂತ ಬರೆದೆ. ಅದೂ ಹರಿದು ಹಾಕಿದೆ. ಆಮೇಲೆ ಬಿಟ್ಟುಬಿಟ್ಟೆ.

ಅರ್ಪಿತಾ ಈಗ ಹೇಗಿದ್ದಾಳೆ? ಬರೆಯಬಾರದಿತ್ತೇ ಅಕ್ಕಾ. ನಾವಿಬ್ಬರೂ ಒಂದೇ ತಿಂಗಳು ಒಬ್ಬೊಬ್ಬರೇ ಕೂತು ಅತ್ತೆವಲ್ಲ.

ಗುಂಪಿನಲ್ಲಿ ಮತ್ತೆ ಜಗಳ ಶುರುವಾಗಿದೆಯಂತೆ. ಮುಂದಿನ ಸಲ ನಿಜವಾದ ಮೈದಾನದಲ್ಲಿ ಆಡುವಾಗಲೂ ಎಡತುದಿಯನ್ನು ಖಾಲಿ ಬಿಡಬೇಕು, ಅದೇ ದಳದ ಗುರುತು ಅಂತ ಅರ್ಧ ಜನ. ಬೇಡ ಅಂತ ಇನ್ನರ್ಧ. ಚಿರಾಗ್ ಬಂದು ಕೇಳಿದ. ನಾನು ಹೇಳಿದೆ, "ಯಾರನ್ನಾದ್ರೂ ನಿಲ್ಸಪ್ಪ. ಅವ್ರು ಖಾಲಿ ಬಿಡ್ಬೇಡಿ ಅಂದಿದ್ರು. ನೀವು ಅದಕ್ಕೆ ಕಪ್ ತಗೊಂಡ್ರಿ." ಹುಡುಗ ತಲೆ ತಗ್ಗಿಸಿದ. ನೀವೇ ನಿಲ್ಲಿ ಆಂಟಿ ಅಂದ. ಇಲ್ಲ ಅಂದೆ. ಹೊಸದಾಗಿ ಸೇರಿದವನೊಬ್ಬ ಇದ್ದಾನೆ, ಅನಂತಕೃಷ್ಣ ಅಂತ, ಅವನು ನಿಲ್ಲಲಿ. ಇವರ ಡೊಳ್ಳನ್ನೂ ಚಿರಾಗ್ ಕೈಯಲ್ಲಿ ಕೊಟ್ಟು ಕಳಿಸಿದೆ. ಅವನು ಕಾರಿನಲ್ಲಿ ಇಟ್ಟುಕೊಂಡು ಹೋಗುವಾಗ ಬೆಲ್ಟ್ ಹಾಕಿ ಕೂರಿಸಿದ.

ಸಮಾಧಿಯ ಮೇಲೆ ಇನ್ನೂ ಕಲ್ಲಿಲ್ಲ, ನಂಬರಿನ ಒಂದು ಗೂಟ ಇದೆ. ಮೂರನೇ ದಿನ ಬಿಡಬೇಕಾದ ಹಾಲು ತುಪ್ಪ ನಾಲ್ಕು ತಿಂಗಳಾದರೂ ಬಿಟ್ಟಿಲ್ಲ. ಅವತ್ತು ನಾನು ಮನೆಯೊಳಗೆ ಬಂದಿ. ಹೋದವರು ಹುಡುಗರು, ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಒಬ್ಬಳೇ ಎರಡು ಸಲ ಹೋದೆ. ಹಾಲಿನ ಡಬ್ಬಿ ಹಿಡಿದು ನಿಂತೆ, ಯಾವ ಕಡೆ ತಲೆ, ಯಾವ ಕಡೆ ಕಾಲು ಅಂತ ಗೊತ್ತಾಗಲಿಲ್ಲ. ವಾಪಸ್ ಬಂದು ಆ ಹಾಲಿಗೆ ಹೆಪ್ಪು ಹಾಕಿದೆ. ಪಕ್ಕದಲ್ಲಿ ನಿಂತು ಹೀಗೆ ಬಿಡು ಅನ್ನುವವರು ಒಬ್ಬರು ಬೇಕು. ಈ ದೇಶದಲ್ಲಿ ನನಗೆ ಗೊತ್ತಿರುವ ಹಾಗೆ ಅದು ಸರಿಯಾಗಿ ಬಲ್ಲವರು ನೀವೊಬ್ಬರೇ.

ಕಾಲು ಹಿಡಿಯುವುದಕ್ಕಾದರೆ ಬರಬೇಡಿ. ಹಾಲು ತುಪ್ಪಕ್ಕಾದರೆ ಇಪ್ಪತ್ತೆರಡು ಶನಿವಾರ, ಬೆಳಗಿನ ಬಸ್ಸಿಗೆ ಬನ್ನಿ. ಬಸ್ ಸ್ಟ್ಯಾಂಡಿಗೆ ಬಂದಿರುತ್ತೇನೆ. ತುಪ್ಪ ಮನೆಯಲ್ಲಿ ಕಾಯಿಸಿ ತನ್ನಿ. ಇಲ್ಲಿಯ ಅಂಗಡಿಯದ್ದು ಅವರಿಗೆ ಸೇರುವುದಿಲ್ಲ.

ರತ್ನಾ